ಕಿಟಕಿ ಗ್ರಿಲ್‌ನಿಂದ ದುಪಟ್ಟಾಗೆ: ನನ್ನ ಅನುಭವ

ಬೆಂಗಳೂರಿನ ಕಟ್ಟಡಗಳನ್ನು ನೋಡಿ ಡಿಸೈನ್ ಮಾಡುತ್ತೇನೆ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ವಿಧಾನಸೌಧ. ಇಲ್ಲವೇ ಅದರ ಎದುರಿನ ಹೈಕೋರ್ಟ್ ಕಟ್ಟಡ, ಅಠಾರ ಕಚೇರಿ. ನನಗೆ ಇವೆರಡರಿಂದಲೂ ಬಟ್ಟೆಗೆ ಆಗುವಂಥದ್ದೇನೂ ಸಿಕ್ಕಿಲ್ಲ. ವಿಧಾನಸೌಧದ ಗತ್ತು ಇರುವುದು ಅದರ ಗಾತ್ರದಲ್ಲಿ, ಗ್ರಾನೈಟ್ ಕಲ್ಲಿನ ಭಾರದಲ್ಲಿ. ಅದನ್ನು ಅಂಗೈ ಅಗಲದ ಅಚ್ಚಿಗೆ ಇಳಿಸಿದರೆ ಪ್ರವಾಸಿಗರು ಕೊಳ್ಳುವ ಪೋಸ್ಟ್‌ಕಾರ್ಡ್ ಆಗುತ್ತದೆ, ಅಷ್ಟೆ.

ನಾನು ಲಿನೋ (ಕೆತ್ತಲು ಮೆತ್ತಗಿರುವ ಲಿನೋಲಿಯಂ ಹಾಳೆ) ಅಚ್ಚು ಕೆತ್ತಿ ಹತ್ತಿ ದುಪಟ್ಟಾ, ದಿಂಬಿನ ಕವರುಗಳ ಮೇಲೆ ಕೈಯಿಂದ ಪ್ರಿಂಟ್ ಮಾಡುತ್ತೇನೆ. ನನಗೆ ಬೇಕಾದದ್ದು ಸಿಕ್ಕಿದ್ದು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮಾಮೂಲಿ ಮನೆಗಳಲ್ಲಿ, ಅವುಗಳ ಕಿಟಕಿ ಗ್ರಿಲ್‌ಗಳಲ್ಲಿ. ಚಾಮರಾಜಪೇಟೆ 1892ರದು. ಉಳಿದೆರಡು 1898ರ ಪ್ಲೇಗ್ ಆದಮೇಲೆ ಬೆಳೆದ ಬಡಾವಣೆಗಳು. ಆದರೆ ನಾನು ಹುಡುಕುವ ಗ್ರಿಲ್‌ಗಳಿಗೆ ಅಷ್ಟು ವಯಸ್ಸಾಗಿಲ್ಲ. ಸ್ವಾತಂತ್ರ್ಯದ ಆಚೀಚಿನ ದಶಕಗಳಲ್ಲಿ ಕಟ್ಟಿದ, ಮೂಲೆ ದುಂಡಗಿರುವ, ಜ್ಯಾಮಿತಿ ಆಕಾರಗಳ ಆರ್ಟ್ ಡೆಕೋ ಶೈಲಿಯ ಗಾಳಿ ಸೋಕಿದ ಮನೆಗಳವು. ಉದಯಿಸುವ ಸೂರ್ಯ, ಒಂದರೊಳಗೊಂದು ವೃತ್ತ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆಗಳು. ಕೆಲವು ಮನೆಗಳ ಪ್ಯಾರಾಪೆಟ್ ಮೇಲೆ ಇಸವಿಯನ್ನೇ ಗಾರೆಯಲ್ಲಿ ಬರೆದಿರುತ್ತಾರೆ. ಅಂದಾಜು ಮಾಡುವ ಕೆಲಸ ತಪ್ಪುತ್ತದೆ.

ಯಾರದೋ ಮನೆಯ ಕಿಟಕಿಯ ಫೋಟೋ ತೆಗೆಯುವ ಮುಂಚೆ ಬೆಲ್ ಒತ್ತಿ ಕೇಳುವುದು ಒಳ್ಳೆಯದು. ಒಂದು ಮನೆಯಲ್ಲಿ ವಯಸ್ಸಾದವರೊಬ್ಬರು ಬಾಗಿಲು ತೆಗೆದವರೇ, "ಏನಮ್ಮಾ, ಕಾರ್ಪೊರೇಷನ್ನಿಂದ ಬಂದ್ರಾ?" ಎಂದರು. ಅಲ್ಲ ಸಾರ್, ನಿಮ್ಮ ಗ್ರಿಲ್ ಚೆನ್ನಾಗಿದೆ ಅಂತ ಬಂದೆ ಎಂದೆ. "ಅದಾ? ಅದಕ್ಕೆ ಪೇಂಟ್ ಹೊಡೆದು ಹೊಡೆದು ನನಗೆ ಸಾಕಾಗಿದೆ" ಅಂತ ನಕ್ಕು, ಹಿಂದಿನ ರೂಮಿನದನ್ನೂ ತೋರಿಸಿದರು. ಹಿಂದಿನದೇ ಚೆನ್ನಾಗಿತ್ತು.

ಫೋಟೋವನ್ನು ಕಿಟಕಿಗೆ ನೇರ ಎದುರು ನಿಂತು, ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆಯುತ್ತೇನೆ. ಹತ್ತಿರದಿಂದ ತೆಗೆದರೆ ಅಂಚುಗಳು ಬಾಗುತ್ತವೆ, ಆಮೇಲೆ ಟ್ರೇಸ್ ಮಾಡಲು ಕಷ್ಟ. ಒಂದು ಓರೆ ಫೋಟೋವನ್ನೂ ತೆಗೆಯುತ್ತೇನೆ. ಅದು ಯಾಕೆಂದರೆ, ಈ ಗ್ರಿಲ್‌ಗಳನ್ನು ಮಾಡಿರುವುದು ಚಪ್ಪಟೆ ಕಬ್ಬಿಣದ ಪಟ್ಟಿಯಿಂದ. ಪಟ್ಟಿಯ ದಪ್ಪ ಕಡಿಮೆ, ಅಗಲ ಜಾಸ್ತಿ. ಅದನ್ನು ಸುಲಭವಾಗಿ ಬಗ್ಗಿಸಲು ಆಗುವುದು ದಪ್ಪದ ಕಡೆಗೆ ಮಾತ್ರ. ಹಾಗಾಗಿ ಎದುರಿನಿಂದ ನೋಡಿದರೆ ನಮಗೆ ಕಾಣುವುದು ಪಟ್ಟಿಯ ಅಂಚು, ಅಂದರೆ ಎಲ್ಲಾ ಕಡೆ ಒಂದೇ ಸಮನಾದ ತೆಳು ಗೆರೆ. ಪಕ್ಕಕ್ಕೆ ಸರಿದರೆ ಅದೇ ಗೆರೆ ದಪ್ಪವಾಗುತ್ತಾ ಹೋಗುತ್ತದೆ. ಫುಟ್‌ಪಾತ್ ಮೇಲೆ ನಡೆಯುತ್ತಾ ನೋಡಿ, ಒಂದೇ ಕಿಟಕಿಯಲ್ಲಿ ಹಲವು ಡಿಸೈನ್ ಸಿಗುತ್ತವೆ.

ನೆರಳು ಇನ್ನೂ ಚೆಂದ. ಬಿಸಿಲು ಓರೆಯಾಗಿ ಬಿದ್ದಾಗ, ಬಿಸಿಲಿನ ದಿಕ್ಕಿಗೇ ಇರುವ ಭಾಗದ ನೆರಳು ತೆಳ್ಳಗಿರುತ್ತದೆ, ಅಡ್ಡ ಇರುವ ಭಾಗದ್ದು ದಪ್ಪಗಾಗುತ್ತದೆ. ತುದಿ ಚಪ್ಪಟೆಯಾಗಿರುವ ಕಟ್ ನಿಬ್ ಪೆನ್ನಿನಲ್ಲಿ ಅಕ್ಷರ ಬರೆದ ಹಾಗೆ. ಒಂದು ಸಾದಾ ವೃತ್ತವೂ ಕೈಬರಹದಂತೆ ಕಾಣುತ್ತದೆ. ಬೆಳಿಗ್ಗೆ ಕಾಂಪೌಂಡ್ ಗೇಟಿನ ನೆರಳು ರಸ್ತೆಯ ಮೇಲೆ ಬಿದ್ದಿರುತ್ತದಲ್ಲ, ಅದರ ಫೋಟೋಗೆ ಬೆಲ್ ಒತ್ತುವ ಅಗತ್ಯವೂ ಇಲ್ಲ.

ಕೆತ್ತುವಾಗ ಈ ಎರಡನ್ನೂ ಬೇರೆ ಬೇರೆ ರೀತಿ ಮಾಡುತ್ತೇನೆ. ಎದುರಿನ ನೋಟಕ್ಕೆ ಗೆರೆಯನ್ನೇ ವಿ ಆಕಾರದ ಉಳಿಯಿಂದ ತೆಗೆದುಬಿಡುತ್ತೇನೆ. ಸುತ್ತ ಬಣ್ಣ, ಗೆರೆ ಮಾತ್ರ ಬಟ್ಟೆಯ ಬಿಳಿ. ಅಷ್ಟು ತೆಳು ಗೆರೆಯನ್ನು ಉಬ್ಬಾಗಿ ಉಳಿಸಲು ಹೋದರೆ ಲಿನೋ ಪುಡಿಯಾಗಿ ಕಿತ್ತು ಬರುತ್ತದೆ. ನೆರಳಿನ ಡಿಸೈನ್‌ಗೆ ಉಲ್ಟಾ: ಗೆರೆ ಉಬ್ಬು, ಸುತ್ತಲಿನದೆಲ್ಲ ಖಾಲಿ. ಚಳಿಗಾಲದಲ್ಲಿ ಲಿನೋ ಗಟ್ಟಿಯಾಗುತ್ತದೆ, ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಉಳಿ ಸಲೀಸಾಗಿ ಓಡುತ್ತದೆ. ಅಚ್ಚು ಎಡಬಲ ತಿರುಗಿ ಬೀಳುತ್ತದೆ ಎಂಬ ತಲೆನೋವು ಗ್ರಿಲ್‌ನಲ್ಲಿ ಕಡಿಮೆ, ಹೆಚ್ಚಿನವು ಎರಡೂ ಕಡೆ ಒಂದೇ ಥರ ಇರುತ್ತವೆ.

ತಲೆ ಕೆಡಿಸಿದ್ದು ಜೋಡಣೆ. ಅಚ್ಚನ್ನು ಸಾಲಾಗಿ, ಒಂದರ ಕೆಳಗೊಂದು ಒತ್ತಿದರೆ ದುಪಟ್ಟಾ ಜೈಲಿನ ಕಿಟಕಿಯಾಗುತ್ತದೆ! ಒಂದು ಬಿಟ್ಟು ಒಂದು ಕಂಬಸಾಲನ್ನು ಅಚ್ಚಿನ ಅರ್ಧದಷ್ಟು ಕೆಳಕ್ಕೆ ಇಳಿಸಿದ ಕೂಡಲೇ ಚೌಕಟ್ಟು ಕಣ್ಣಿಗೆ ಬೀಳುವುದು ನಿಲ್ಲುತ್ತದೆ. ವೃತ್ತಗಳು ಪಕ್ಕದ ವೃತ್ತಗಳ ಜೊತೆ ಸೇರಿ ಹೊಸ ಆಕಾರ ಬರುತ್ತದೆ. ಅದಕ್ಕೇ ಗ್ರಿಲ್‌ನ ಹೊರ ಫ್ರೇಮನ್ನು ನಾನು ಎಂದೂ ಕೆತ್ತುವುದಿಲ್ಲ. ಕೊಳ್ಳುವವರಿಗೆ "ಇದು ಕಿಟಕಿ" ಅಂತ ಗೊತ್ತಾಗಲೇಬೇಕು ಅಂತೇನಿಲ್ಲ ಅಲ್ವಾ?

ಮಂಕಿ ಟಾಪ್ ವಿಷಯದಲ್ಲಿ ಮಾತ್ರ ಈ ಮಾತು ನಡೆಯುವುದಿಲ್ಲ. ಹಳೇ ಬಂಗಲೆಗಳ ಕಿಟಕಿಯ ಮೇಲೆ ಚೂಪಾದ ಮಾಡಿನ ಹಾಗೆ ಮುಂದೆ ಚಾಚಿರುವ ಮರದ ಪಟ್ಟಿಗಳ ಮರೆ ಅದು. ಅದರ ಅಂದವೇ ಆ ತ್ರಿಕೋನ. ಅದನ್ನು ಬಿಟ್ಟರೆ ಉಳಿಯುವುದು ಬರೀ ಪಟ್ಟಿ. ಹಾಗಾಗಿ ಅದನ್ನು ಮೈಯೆಲ್ಲಾ ಹರಡದೆ ಅಂಚಿಗೆ ಇಟ್ಟುಕೊಂಡೆ. ತ್ರಿಕೋನಗಳು ಸಾಲಾಗಿ ನಿಂತಾಗ ನಮ್ಮ ಸೀರೆಗಳ ಗೋಪುರದ ಅಂಚಿನ ನೆಂಟಸ್ತಿಕೆ ತಾನಾಗಿಯೇ ಬಂತು. ಇದಕ್ಕೆ ಎರಡು ಅಚ್ಚು ಬೇಕು, ಪಟ್ಟಿಗೊಂದು, ಹಿಂದಿನ ಕತ್ತಲಿಗೊಂದು. ಎರಡೂ ಸರಿಯಾಗಿ ಕೂರಲು ಅಚ್ಚಿನ ಮೂಲೆಗಳಿಗೆ ಗುರುತು ಹಾಕಿಕೊಳ್ಳಿ.

ಬಣ್ಣವನ್ನೂ ಆ ಮನೆಗಳಿಂದಲೇ ತೆಗೆದುಕೊಂಡೆ. ರೆಡ್ ಆಕ್ಸೈಡ್ ನೆಲದ ಕೆಂಪು, ಕಿಟಕಿ ಬಾಗಿಲುಗಳ ಹಸಿರು. ಪಿಗ್ಮೆಂಟ್ ಬಣ್ಣಕ್ಕೆ ಬೈಂಡರ್ (ಬಣ್ಣವನ್ನು ಬಟ್ಟೆಗೆ ಹಿಡಿಸುವ ಅಂಟು) ಬೆರೆಸಿ ಪ್ರಿಂಟ್ ಮಾಡಿ, ಪೂರ್ತಿ ಒಣಗಿದ ಮೇಲೆ ಹಿಂಭಾಗದಿಂದ ಬಿಸಿ ಇಸ್ತ್ರಿ. ಕೆಂಪಿಗೆ ಚಿಟಿಕೆ ಕಪ್ಪು ಸೇರಿಸಬೇಕು. ಇಲ್ಲದಿದ್ದರೆ ನೆಲದ ಕೆಂಪು ಬರುವುದಿಲ್ಲ, ಕುಂಕುಮದ ಕೆಂಪಾಗಿಬಿಡುತ್ತದೆ.