ನಾಣ್ಯದ ಲೆಕ್ಕದಲ್ಲಿ ನಾನು ಸಿಕ್ಕಿಕೊಂಡಿದ್ದು ಎಲ್ಲಿ

ಲೆಕ್ಕ ಇಷ್ಟೇ: 2ರ ನಾಣ್ಯ, 5ರ ನಾಣ್ಯ ಸೇರಿ ಒಟ್ಟು 23 ಇವೆ. ಅವುಗಳ ಮೌಲ್ಯ 76. ಯಾವುದು ಎಷ್ಟಿವೆ?

ಮೊದಲು ಎಕ್ಸ್ + ವೈ = 23 ಅಂತ ಬರೆದೆ. ಅದು ಸರಿ. ಆಮೇಲೆ ಎಕ್ಸ್ + ವೈ = 76 ಅಂತಲೂ ಬರೆದುಬಿಟ್ಟೆ! ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯವೇ ಇಲ್ಲ ಅಲ್ವಾ? ಅರ್ಧ ಗಂಟೆ ಹಾಳೆಯನ್ನೇ ನೋಡುತ್ತಾ ಕೂತಿದ್ದೆ. ಕೊನೆಗೆ ಹೊಳೆಯಿತು. ಮೊದಲ ಸಾಲಿನಲ್ಲಿ ಎಕ್ಸ್ ಅಂದರೆ ನಾಣ್ಯಗಳ ಎಣಿಕೆ, ಎರಡನೇ ಸಾಲಿನಲ್ಲಿ ಅವುಗಳ ಮೌಲ್ಯ. ಒಂದೇ ಅಕ್ಷರಕ್ಕೆ ಎರಡು ಅರ್ಥ ಕೊಟ್ಟಿದ್ದೆ.

ಈಗ ಎಲ್ಲಕ್ಕಿಂತ ಮೊದಲು “ಎಕ್ಸ್ = 2ರ ನಾಣ್ಯ ಎಷ್ಟಿವೆ” ಅಂತ ಪೂರ್ತಿ ಬರೆದಿಡುತ್ತೇನೆ. ಮೌಲ್ಯ ಬೇಕಾದರೆ ಗುಣಿಸಬೇಕು. ಹಾಗಾಗಿ ಎರಡನೇ ಸಮೀಕರಣ 2ಎಕ್ಸ್ + 5ವೈ = 76. ಮೊದಲನೆಯದನ್ನು 2ರಿಂದ ಗುಣಿಸಿದರೆ 2ಎಕ್ಸ್ + 2ವೈ = 46. ಕಳೆದರೆ 3ವೈ = 30. ವೈ 10, ಎಕ್ಸ್ 13. ತಾಳೆ ನೋಡಿದೆ: 26 + 50 = 76.

ನನಗೆ ತುಂಬಾ ಇಷ್ಟವಾಗಿದ್ದು ಆ 46. ಎಲ್ಲ ನಾಣ್ಯವೂ 2ರದ್ದೇ ಆಗಿದ್ದರೆ ಸಿಗುತ್ತಿದ್ದದ್ದು ಅಷ್ಟೇ. ಇನ್ನೂ 30 ಬೇಕು. ಒಂದು 2 ತೆಗೆದು 5 ಇಟ್ಟರೆ 3 ಜಾಸ್ತಿ ಆಗುತ್ತದೆ. ಹತ್ತು ಸಲ ಬದಲಿಸಿದರೆ ಆಯ್ತು.

ಉತ್ತರ ಭಿನ್ನರಾಶಿಯಲ್ಲಿ ಬಂದರೆ ಸುಮ್ನೆ ಮುಂದೆ ಹೋಗುವುದಿಲ್ಲ. ಅರ್ಧ ನಾಣ್ಯ ಇರುವುದಿಲ್ಲವಲ್ಲ, ಸಮೀಕರಣ ಬರೆದ ಜಾಗಕ್ಕೇ ವಾಪಸ್ ಬರುತ್ತೇನೆ.