ಪಟ್ಟಿ ಸಡಿಲಿಸಿದ ಮೇಲೆಯೇ ಕುದುರೆ ಬಾಯಿ ಮುಚ್ಚಿತು

ಲಗಾಮು ಹಿಡಿದರೆ ಸಾಕು, ನಮ್ಮ ಮಾರ್ವಾಡಿ ಹೆಣ್ಣು ಕುದುರೆ ಬಾಯಿ ಅಗಲಿಸಿ ತಲೆ ಎತ್ತಿ ಎಸೆಯುತ್ತಿತ್ತು. ಅಥಣಿ ಕಡೆಯ ಕುದುರೆಯವರೆಲ್ಲ ಹೇಳಿದ್ದು ಒಂದೇ: "ಮೂಗುಪಟ್ಟಿ ಇನ್ನೊಂದೆರಡು ತೂತು ಜಗ್ರಿ ಅಣ್ಣಾರ, ಸುಮ್ನ ಆಗ್ತೈತಿ." ಮೂಗುಪಟ್ಟಿ ಅಂದರೆ ಕುದುರೆಯ ಮೂಗು, ದವಡೆ ಸುತ್ತಿ ಕಟ್ಟುವ ಪಟ್ಟಿ. ಅದನ್ನು ಸಡಿಲ ಬಿಡುತ್ತೇನೆ ಅಂದಾಗ ನಕ್ಕರು.

ಅಷ್ಟರಲ್ಲಿ ದುಡ್ಡು ಸಾಕಷ್ಟು ಹೋಗಿತ್ತು. ಕಾನ್ಪುರದ ಫ್ಲ್ಯಾಶ್ ಪಟ್ಟಿಗೆ, ಅಂದರೆ ಬಾಯಿ ಮುಚ್ಚಿಸಲು ಕೆಳಗೆ ಇನ್ನೊಂದು ಪಟ್ಟಿ ಇರುವ ಮೂಗುಪಟ್ಟಿಗೆ, ಸಾವಿರದ ಮೇಲೆ. ಅದರ ಕೆಳಪಟ್ಟಿ ಮೇಲಿನದನ್ನೂ ಎಳೆದು, ಮೂಗಿನ ಎಲುಬು ತೆಳ್ಳಗಾಗುವ ಜಾಗಕ್ಕೆ ಇಳಿಸುತ್ತಿತ್ತು. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ, ಅಲ್ವಾ? ಬಿಚ್ಚಿಟ್ಟೆ. ಆಮೇಲೆ ಕುರಿಯುಣ್ಣೆಯ ಪಟ್ಟಿ, ಎಂಟುನೂರರ ಆಸುಪಾಸು. ಬೇಸಿಗೆಯಲ್ಲಿ ಬೆವರು ನಿಂತು ಕೂದಲು ಉದುರಿತು. ಮೆತ್ತೆ ಇದ್ದರೆ ಜನ ಇನ್ನೂ ಜಾಸ್ತಿ ಬಿಗಿಯುತ್ತಾರೆ, ಅಷ್ಟೇ.

ಕೊನೆಗೆ ಪಶುವೈದ್ಯರಿಂದ ಬಾಯಿ ನೋಡಿಸಿದೆ. ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಚೂಪಾಗಿ, ಕೆನ್ನೆಯ ಒಳಗೆ ಹುಣ್ಣಾಗಿತ್ತು. ಪಟ್ಟಿ ಬಿಗಿದಷ್ಟೂ ಕೆನ್ನೆ ಹಲ್ಲಿಗೆ ಒತ್ತುತ್ತಿತ್ತು. ಹಲ್ಲು ಅರ ಹಾಕಿಸಲು ಎರಡು ಸಾವಿರ ಚಿಲ್ಲರೆ. ಹುಣ್ಣು ಮಾಯುವ ತನಕ ಕಡಿವಾಣ ಹಾಕಲಿಲ್ಲ. ಲಂಜ್ ಹಗ್ಗದಲ್ಲೇ, ಅಂದರೆ ಉದ್ದ ಹಗ್ಗ ಹಿಡಿದು ನನ್ನ ಸುತ್ತ ಓಡಿಸಿ, ಕೆಲಸ ಮಾಡಿಸಿದೆ.

ಹೊಸ ಪಟ್ಟಿಯನ್ನು ಅಥಣಿಯಲ್ಲೇ ಚಪ್ಪಲಿ ಹೊಲಿಯುವವರ ಕೈಲಿ ಮಾಡಿಸಿದೆ. ಮುನ್ನೂರು, ನಾನೂರು ಬಿದ್ದಿರಬೇಕು. ಅಗಲವಾದ ಸಾದಾ ಪಟ್ಟಿ. ಅಂಚು ಹೇಗೆ ಮಡಚಿಸಿದೆ ಅನ್ನುವುದು ನನಗೂ ಅವರಿಗೂ ಗೊತ್ತು, ಅದನ್ನಿಲ್ಲಿ ಹೇಳುವುದಿಲ್ಲ. ಕೆನ್ನೆ ಎಲುಬಿನ ಏಣಿನಿಂದ ಒಂದೆರಡು ಬೆರಳು ಕೆಳಗೆ ಕೂರಿಸುತ್ತೇನೆ. ಸಡಿಲ ನೋಡುವುದು ಮೂಗಿನ ಎಲುಬಿನ ನಡುಮಧ್ಯೆ. ಎರಡು ಬೆರಳು ಸಲೀಸಾಗಿ ಹೋಗಬೇಕು. ಕೆನ್ನೆ ಪಕ್ಕ ಬೆರಳು ತೂರಿಸಿ "ಸಡಿಲ ಐತಿ" ಅನ್ನುವವರೇ ಜಾಸ್ತಿ. ಅಲ್ಲಿ ಮೆತ್ತಗಿರುತ್ತದೆ, ಎಷ್ಟು ಬಿಗಿದರೂ ಬೆರಳು ಹೋಗುತ್ತದೆ. ಯುರೋಪಿನ ಸ್ಪರ್ಧೆಗಳಲ್ಲಿ 750 ಕುದುರೆಗಳನ್ನು ಅಳೆದ ವರದಿ 2017ರಲ್ಲಿ ಬಂತು. ನೂರಕ್ಕೆ ಸುಮಾರು 44 ಕುದುರೆಗಳಿಗೆ ಒಂದು ಬೆರಳೂ ಹೋಗದಷ್ಟು ಬಿಗಿ. ಎರಡು ಬೆರಳು ಹಿಡಿದದ್ದು ನೂರಕ್ಕೆ ಏಳರಲ್ಲಿ ಮಾತ್ರ. ದೊಡ್ಡ ಸವಾರರ ಕತೆಯೂ ಇದೇ.

ನಡುವೆ ಕೆಲವು ವಾರ ಪಟ್ಟಿಯೇ ಇಲ್ಲದೆ ಓಡಿಸಿದೆ. ಹೊಸ ಹುಡುಗರಿಗೆ ಕಲಿಸಲು ಅದೇ ಮೇಲು. ಅವರ ಕೈ ಬಿರುಸಾದ ಕೂಡಲೇ ಕುದುರೆ ಬಾಯಿ ತೆರೆದು ತೋರಿಸುತ್ತದೆ. ಪಟ್ಟಿ ಬಿಗಿದರೆ ಆ ಸುಳಿವೇ ಸಿಗುವುದಿಲ್ಲ.

ಈಗ ಕುದುರೆ ಕಡಿವಾಣ ಮೆಲ್ಲುತ್ತಾ, ತಲೆ ಇಳಿಸಿ, ಒಂದೇ ಹದದಲ್ಲಿ ಟ್ರಾಟ್ (ಕುಕ್ಕುಲೋಟ) ಹೋಗುತ್ತದೆ. ಈ ಭಾಗದಲ್ಲಿ ಇಷ್ಟು ಹಗುರ ಬಾಯಿಯ ಕುದುರೆ ಬೇರೆ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಅಂದು ನಕ್ಕವರೊಬ್ಬರು ತಮ್ಮ ಕಾಠಿಯಾವಾಡಿ ತಳಿಯ ಕುದುರೆಗೆ ನನ್ನ ಪಟ್ಟಿಯ ಅಳತೆ ಕೇಳಿದ್ದಾರೆ. ಮೊದಲು ಹಲ್ಲು ತೋರಿಸಿಕೊಂಡು ಬನ್ನಿ ಅಂದಿದ್ದೇನೆ.