ಘಾನಾಕ್ಕೆ ಹೊಸಬರೇ? ‘ಯಾವ ಚರ್ಚು?’ ಅಂತ ಕೇಳ್ತಾರೆ, ಗಾಬರಿ ಬೇಡ

ಅಕ್ರಾದಲ್ಲಿ ಮನೆ ಮಾಡಿದ ವಾರದೊಳಗೆ ಅಕ್ಕಪಕ್ಕದವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಮ್ಮಲ್ಲಿ ‘ಯಾವ ಊರಾಯ್ತು?’ ಅನ್ನುತ್ತೇವಲ್ಲ, ಹಾಗೆ. ‘ನಾವು ಹಿಂದೂಗಳು’ ಅಂದರೆ ಮುಗೀತು. ಆಮೇಲೂ ಭಾನುವಾರ ಪ್ರಾರ್ಥನೆಗೆ ಕರೆಯುತ್ತಾರೆ, ಅದು ಬೇರೆ ಮಾತು! 2021ರ ಜನಗಣತಿಯಂತೆ ಇಲ್ಲಿ ನೂರಕ್ಕೆ 71 ಮಂದಿ ಕ್ರೈಸ್ತರು.

ಪೋರ್ಚುಗೀಸರು 1482ರಲ್ಲೇ ಎಲ್ಮಿನಾದಲ್ಲಿ ಕೋಟೆ ಕಟ್ಟಿದರು. ಅವರ ಧರ್ಮ ಮಾತ್ರ ಕರಾವಳಿ ಬಿಟ್ಟು ಜಾಸ್ತಿ ಒಳಗೆ ಹೋಗಲಿಲ್ಲ. ಬೆಟ್ಟ ಹತ್ತಿ ಊರೊಳಗೆ ಹೋದದ್ದು ಬಾಸೆಲ್ ಮಿಷನ್. ಹೌದು, ನಮ್ಮ ಮಂಗಳೂರು ಹೆಂಚಿನ ಬಾಸೆಲ್ ಮಿಷನ್ನೇ! ಮಂಗಳೂರಿಗೆ 1834ರಲ್ಲಿ ಬಂದವರು ಇಲ್ಲಿಗೆ 1828ರಲ್ಲೇ ಬಂದಿದ್ದರು. ಮೊದಲು ಬಂದ ನಾಲ್ವರೂ ಮೂರು ವರ್ಷ ತುಂಬುವ ಹೊತ್ತಿಗೆ ತೀರಿಕೊಂಡರು. 1832ರಲ್ಲಿ ಬಂದ ಆಂಡ್ರಿಯಾಸ್ ರೀಸ್ ಉಳಿದುಕೊಂಡರು. ಊರಿನ ನಾಟಿ ಮದ್ದೇ ಅವರನ್ನು ಉಳಿಸಿತು ಅಂತ ಹೇಳುತ್ತಾರೆ. 1835ರಲ್ಲಿ ಅವರು ಬೆಟ್ಟದ ಮೇಲಿನ ಅಕ್ರೊಪಾಂಗ್ ಊರಿನಲ್ಲಿ ನೆಲೆಸಿದರು.

ನಮಗೆ ಕಿಟೆಲ್ ಹೇಗೋ ಇಲ್ಲಿನವರಿಗೆ ಅದೇ ಮಿಷನ್ನಿನ ಕ್ರಿಸ್ಟಾಲರ್ ಹಾಗೆ. 1871ರಲ್ಲಿ ಇಲ್ಲಿನ ಚ್ವೀ ಭಾಷೆಯ ಬೈಬಲ್, 1881ರಲ್ಲಿ ನಿಘಂಟು. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಇದನ್ನು ಇಲ್ಲಿನ ಹಿರಿಯರಿಗೆ ಹೇಳಿ ನೋಡಿ, ಮಾತು ತಾನಾಗೇ ಬೆಳೆಯುತ್ತೆ.

‘ಕ್ರೈಸ್ತ ಧರ್ಮ ಬಿಳಿಯರದ್ದು’ ಅನ್ನೋ ಅನುಮಾನ ಹೋಗಲಿ ಅಂತ ಮಿಷನ್‌ನವರು 1843ರಲ್ಲಿ ಜಮೈಕಾ ಕಡೆಯಿಂದ ಕಪ್ಪು ಕ್ರೈಸ್ತ ಕುಟುಂಬಗಳನ್ನು ಅಕ್ರೊಪಾಂಗ್‌ಗೆ ಕರೆತಂದರು. ಅವರ ಜೊತೆ ಒಂದು ಬಗೆಯ ಕೆಸುವಿನ ಗಡ್ಡೆಯೂ ಬಂತು. ಅದರ ಎಲೆಯೇ ಸಂತೆಯಲ್ಲಿ ಸಿಗೋ ಕೊಂತೊಮಿರೆ. ನಮ್ಮ ಮನೆಯಲ್ಲಿ ಪತ್ರೊಡೆ ಆಗೋದು ಇದರಲ್ಲೇ. ಹುಣಸೆಹುಳಿ ಸ್ವಲ್ಪ ಜಾಸ್ತಿ ಹಾಕಿ, ಚೆನ್ನಾಗಿ ಬೇಯಿಸಿ, ಇಲ್ಲದಿದ್ರೆ ಗಂಟಲು ತುರಿಸುತ್ತೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಬಾಸೆಲ್‌ನವರನ್ನು ಹೊರಗೆ ಕಳಿಸಿದರು. ಸ್ಕಾಟ್ಲೆಂಡಿನವರು ಬಂದು ಕೆಲಸ ಮುಂದುವರಿಸಿದರು. ಅದೇ ಇವತ್ತಿನ ಪ್ರೆಸ್ಬಿಟೇರಿಯನ್ ಚರ್ಚು. ಮೆಥಡಿಸ್ಟರು, ಕ್ಯಾಥೊಲಿಕರು ಬೇರೆ ಇದ್ದಾರೆ. ಈಗ ಎಲ್ಲರಿಗಿಂತ ಜೋರು ಪೆಂಟೆಕೋಸ್ಟಲರದ್ದು. ಸಂಖ್ಯೆಯಲ್ಲೂ, ಸ್ಪೀಕರಿನಲ್ಲೂ.

ಸ್ಪೀಕರ್ ಅಂದಾಗ ನೆನಪಾಯ್ತು. ಅಕ್ರಾ ಗಾ ಜನರ ಊರು. ಅವರ ಹೊಮೊವೊ ಹಬ್ಬಕ್ಕೆ ಮುಂಚೆ, ಮೇ–ಜೂನ್ ಹೊತ್ತಿಗೆ, ಒಂದು ತಿಂಗಳು ಡೋಲು, ಗದ್ದಲ ಎಲ್ಲ ಬಂದ್. ಇದರ ಮೇಲೆ ಚರ್ಚುಗಳಿಗೂ ಗಾ ಜನರಿಗೂ ಹಿಂದೆ ಹೊಡೆದಾಟಗಳೇ ಆಗಿವೆ. ಗೃಹಪ್ರವೇಶದ ದಿನ ಗೊತ್ತು ಮಾಡೋಕೆ ಮುಂಚೆ ಪಂಚಾಂಗದ ಜೊತೆ ಮನೆ ಮಾಲೀಕರನ್ನೂ ಒಂದು ಮಾತು ಕೇಳಿ.